ಕಥೋಲಿಕ ಶಾಲೆಯ ಟೀಚರುಗಳಿಗೆ ಪುಟ್ಟ ಚಿಂತನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರ, ವರ್ಕಾಡಿ, ಕಯ್ಯಾರು, ಬೇಳ, ಕುಂಬಳೆ, ಕಾಸರಗೋಡು. ಕೇರಳದ ಕಾಸರಗೋಡು ಜಿಲ್ಲೆಯ ಈ ಕಡೆಯ ಕನ್ನಡ ಶಾಲೆಗಳಲ್ಲಿ ಪಾಠ ಮಾಡುವವರು ಬೆಳಗ್ಗಿನ ಚಿಂತನೆಯ ಬಗ್ಗೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವಕ್ಕೆ ಉತ್ತರ ಉದ್ದ ಇದೆ, ಕೆಲವಕ್ಕೆ ಎರಡೇ ಸಾಲು. ನಿಮಗೆ ಬೇಕಾದ್ದನ್ನು ಮಾತ್ರ ಓದಿದರೂ ಸಾಕು.

ಪುಟ್ಟ ಚಿಂತನೆ ಅಂದರೆ ಏನು? ಅಸೆಂಬ್ಲಿಯಲ್ಲಿ ಪ್ರಾರ್ಥನೆ ಇದ್ದೇ ಇದೆಯಲ್ವಾ?

ಅಸೆಂಬ್ಲಿ ಮಕ್ಕಳದ್ದು, ಇದು ಟೀಚರುಗಳದ್ದು. ಬೆಲ್ ಹೊಡೆಯುವ ಮೊದಲು ಸ್ಟಾಫ್‌ರೂಮಿನಲ್ಲಿ ಎರಡು ಮೂರು ನಿಮಿಷ ಕೂರುತ್ತೇವೆ. ಬೈಬಲಿನ ಒಂದು ಸಣ್ಣ ಭಾಗ ಕೇಳುತ್ತೇವೆ. ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಆ ದಿನದ ತರಗತಿಯನ್ನು ನೆನೆಯುತ್ತೇವೆ. ಸ್ವಲ್ಪ ಹೊತ್ತು ಸುಮ್ಮನಿರುತ್ತೇವೆ. ಇಷ್ಟೇ. ಪ್ರವಚನ ಅಲ್ಲ, ಧರ್ಮೋಪದೇಶದ ಕ್ಲಾಸೂ ಅಲ್ಲ.

ಚಿಂತನೆ ಚೆನ್ನಾಗಿತ್ತೋ ಇಲ್ಲವೋ ಅನ್ನುವುದು ಸ್ಟಾಫ್‌ರೂಮಿನಲ್ಲಿ ಗೊತ್ತಾಗುವುದಿಲ್ಲ. ಮೊದಲ ಪೀರಿಯಡ್‌ಗೆ ಹೋದಾಗ ಯಾವುದಾದರೂ ಒಂದು ಮಗುವನ್ನು ನಿನ್ನೆ ನೋಡಿದ ಹಾಗೆ ನೋಡದೆ, ಸ್ವಲ್ಪ ಬೇರೆ ಥರ ನೋಡಿದಿರಾ? ಹಾಗಾದರೆ ಚೆನ್ನಾಗಿತ್ತು. ಕೆಳಗಿನ ಎಲ್ಲ ಉತ್ತರಗಳಲ್ಲೂ ನಾನು ಇದೇ ಅಳತೆ ಇಟ್ಟುಕೊಂಡಿದ್ದೇನೆ.

ಎಷ್ಟು ಹೊತ್ತು ಇರಬೇಕು?

ಮೂರು ನಿಮಿಷ. ಐದಕ್ಕೆ ಹೋದರೆ ಗಡಿಯಾರ ನೋಡುವವರು ಶುರುವಾಗುತ್ತಾರೆ, ಅವರದ್ದು ತಪ್ಪಲ್ಲ. ಪ್ರಾರ್ಥನೆಯಲ್ಲಿ ಮಾತು ಜಾಸ್ತಿ ಮಾಡಬೇಡಿ ಎಂದು ಯೇಸುಸ್ವಾಮಿಯೇ ಹೇಳಿದ್ದಾರೆ (ಮತ್ತಾಯ 6:7). ಬರೆದುಕೊಂಡು ಬರುವವರು ಅರ್ಧ ಹಾಳೆಯ ಒಂದು ಬದಿ ದಾಟಬೇಡಿ. ವಾಕ್ಯ, ಅದರ ಬಗ್ಗೆ ನಾಲ್ಕಾರು ಸಾಲು, ಒಂದು ಪ್ರಶ್ನೆ, ಆಮೇಲೆ ಮೌನ. ಸಮಯ ಸಾಲದೆ ಇದ್ದರೆ ನಿಮ್ಮ ನಾಲ್ಕಾರು ಸಾಲು ಬಿಡಿ, ಮೌನ ಬಿಡಬೇಡಿ. ಬೆಳಗ್ಗೆಯಿಂದ ಸಂಜೆ ನಾಲ್ಕರವರೆಗೆ ಟೀಚರಿಗೆ ಸಿಗುವ ಮೌನ ಬಹುಶಃ ಅದೊಂದೇ.

ಇದನ್ನು ಫಾದರ್ ಅಥವಾ ಸಿಸ್ಟರ್ ನಡೆಸಬೇಕಲ್ವಾ?

ಹಾಗೇನೂ ಇಲ್ಲ. ನಮ್ಮ ಹೆಚ್ಚಿನ ಶಾಲೆಗಳಲ್ಲಿ ಈಗ ಪಾಠ ಮಾಡುವವರು ಸಂಸಾರಸ್ಥರೇ. ಜಗತ್ತಿನ ಕಥೋಲಿಕ ಬಿಷಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಶಿಕ್ಷಣದ ಬಗ್ಗೆ ಹೊರಡಿಸಿದ ಘೋಷಣೆಯಲ್ಲಿ, ಕಥೋಲಿಕ ಶಾಲೆ ತನ್ನ ಗುರಿ ಮುಟ್ಟುವುದು ಹೆಚ್ಚಾಗಿ ಶಿಕ್ಷಕರಿಂದಲೇ ಎಂಬ ಮಾತಿದೆ. 1982ರಲ್ಲಿ ವ್ಯಾಟಿಕನ್‌ನ ಶಿಕ್ಷಣ ವಿಭಾಗ ಫಾದರ್, ಸಿಸ್ಟರ್ ಅಲ್ಲದ ಶ್ರೀಸಾಮಾನ್ಯ ಶಿಕ್ಷಕರಿಗೆ ಅಂತಲೇ ಒಂದು ಪ್ರತ್ಯೇಕ ದಾಖಲೆ ಪ್ರಕಟಿಸಿತು. ಈ ಕಾಲದ ಜನ ಬೋಧಕರಿಗಿಂತ ಸಾಕ್ಷಿಗಳ ಮಾತು ಕೇಳುತ್ತಾರೆ, ಬೋಧಕರ ಮಾತು ಕೇಳಿದರೂ ಅವರು ಸಾಕ್ಷಿಗಳಾಗಿರುವುದಕ್ಕೇ ಕೇಳುತ್ತಾರೆ ಎಂದು ಪೋಪ್ ಆರನೇ ಪಾಲ್ 1975ರಲ್ಲಿ ಬರೆದಿದ್ದರು.

ಹಾಗಾಗಿ ಸರದಿ ಹಾಕಿ. ಗಣಿತದ ಟೀಚರ್ ಒಂದು ದಿನ, ಡ್ರಿಲ್ ಮಾಸ್ಟ್ರು ಒಂದು ದಿನ. ಡ್ರಿಲ್ ಮಾಸ್ಟ್ರ ಚಿಂತನೆ ಬಹಳ ಸಲ ಎಲ್ಲಕ್ಕಿಂತ ಚೆನ್ನಾಗಿರುತ್ತದೆ. ಅವರು ಮಕ್ಕಳನ್ನು ಬೆಂಚಿನ ಹೊರಗೆ ನೋಡಿದವರು. ಮಾತಾಡಲು ಸಂಕೋಚ ಇರುವವರು ವಾಕ್ಯವನ್ನಷ್ಟೇ ನಿಧಾನವಾಗಿ ಓದಿ ಕೂತರೂ ಸಾಕು. ಯಾರನ್ನೂ ಒತ್ತಾಯ ಮಾಡಬೇಡಿ.

ನಮ್ಮ ಸ್ಟಾಫ್‌ನಲ್ಲಿ ಹಿಂದೂ, ಮುಸ್ಲಿಂ ಟೀಚರುಗಳೂ ಇದ್ದಾರೆ. ಅವರನ್ನು ಕೂರಿಸಿಕೊಂಡು ಬೈಬಲ್ ಓದುವುದು ಸರಿಯಾ?

ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಕಾಸರಗೋಡಿನಲ್ಲಿ ಕೇಳದಿದ್ದರೇ ಆಶ್ಚರ್ಯ. ಒಂದೇ ಸ್ಟಾಫ್‌ರೂಮಿನಲ್ಲಿ ಕನ್ನಡ, ತುಳು, ಕೊಂಕಣಿ, ಮಲಯಾಳ, ಮರಾಠಿ, ಬ್ಯಾರಿ ಎಲ್ಲ ಕೇಳಿಸುವ ಊರು ಇದು. ಮಕ್ಕಳಂತೂ ಎಲ್ಲ ಮನೆಗಳಿಂದ ಬರುತ್ತಾರೆ.

ಮೊದಲು ಕಾನೂನು. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. 28ನೇ ವಿಧಿಯ ಮೂರನೇ ಖಂಡ ಇನ್ನೊಂದು ಮಾತು ಹೇಳುತ್ತದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಗೆ ಬರುವ ಯಾರನ್ನೂ ಅವರ ಒಪ್ಪಿಗೆ ಇಲ್ಲದೆ, ಚಿಕ್ಕವರಾದರೆ ಹೆತ್ತವರ ಅಥವಾ ಪೋಷಕರ ಒಪ್ಪಿಗೆ ಇಲ್ಲದೆ, ಧಾರ್ಮಿಕ ಬೋಧನೆಗೂ ಪ್ರಾರ್ಥನೆಗೂ ಕೂರಿಸುವಂತಿಲ್ಲ. ನಮ್ಮ ಅನುದಾನಿತ ಶಾಲೆಗಳ ಮಕ್ಕಳಿಗೆ ಇದು ನೇರವಾಗಿ ಅನ್ವಯಿಸುತ್ತದೆ. ಸಹೋದ್ಯೋಗಿಗಳ ವಿಷಯದಲ್ಲೂ ಅದೇ ಮರ್ಯಾದೆ ಇರಲಿ. ಬರುವುದು ಬಿಡುವುದು ಅವರಿಷ್ಟ. ಬಾರದವರ ಬಗ್ಗೆ ಮಾತು ಬೇಡ, ಹಾಜರಿ ಪುಸ್ತಕವಂತೂ ಬೇಡವೇ ಬೇಡ.

ಆದರೆ ಕಾನೂನು ಹೇಳಿದ ಮೇಲೂ ಮಾತು ಮುಗಿಯಲಿಲ್ಲ. ಶಿಕ್ಷಣದ ಘೋಷಣೆ ಹೊರಬಿದ್ದ ಅದೇ 1965ರ ಅಕ್ಟೋಬರ್ 28ರಂದು ಮಹಾಸಭೆ ಬೇರೆ ಧರ್ಮಗಳ ಬಗ್ಗೆಯೂ ಒಂದು ಘೋಷಣೆ ಹೊರಡಿಸಿತು. ಆ ಧರ್ಮಗಳಲ್ಲಿರುವ ಸತ್ಯವನ್ನೂ ಪವಿತ್ರವಾದುದನ್ನೂ ಧರ್ಮಸಭೆ ತಳ್ಳಿಹಾಕುವುದಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿದೆ. ಈ ಎರಡನ್ನೂ ಒಂದೇ ದಿನ ಕೊಟ್ಟದ್ದು ನಮ್ಮಂಥ ಶಾಲೆಗಳಿಗಾಗಿಯೇ ಏನೋ ಅನ್ನಿಸುತ್ತದೆ.

ನಡೆಸುವಾಗ ಕೆಲವು ವಿಷಯ ನೆನಪಿಡಿ. ಯೇಸುವಿನ ಹೆಸರನ್ನು ಮರೆಮಾಚಬೇಡಿ, ಅದು ನಮ್ಮ ಮನೆಯ ಮಾತು. ಎಲ್ಲರಿಗೂ ಹಿಡಿಸಲಿ ಎಂದು ಯಾರದ್ದೂ ಅಲ್ಲದ, ಉಪ್ಪು ಖಾರ ಇಲ್ಲದ ಮಾತು ಬೇಡ. ಆದರೆ ಕೊನೆಯ ಪ್ರಶ್ನೆ ಎಲ್ಲರೂ ಉತ್ತರಿಸಬಹುದಾದ್ದು ಇರಲಿ. "ನಾನು ಯೇಸುವನ್ನು ಎಷ್ಟು ಪ್ರೀತಿಸುತ್ತೇನೆ?" ಎಂದು ಕೇಳಿದರೆ ಅರ್ಧ ಸ್ಟಾಫ್ ಹೊರಗೆ ಉಳಿಯುತ್ತದೆ. "ನಿನ್ನೆ ಯಾರ ಮಾತನ್ನು ನಾನು ಅರ್ಧಕ್ಕೇ ತಡೆದೆ?" ಎಂದು ಕೇಳಿದರೆ ಎಲ್ಲರೂ ಒಳಗೆ ಬರುತ್ತಾರೆ. ಜೋರಾಗಿ ಆಮೆನ್ ಹೇಳಿಸುವುದು, ಶಿಲುಬೆ ಗುರುತು ಹಾಕಿಸುವುದು ಮಾಡಬೇಡಿ. ಯಾರಾದರೂ ತಮ್ಮ ಕಡೆಯ ಒಂದು ವಚನವನ್ನೋ ದಾಸರ ಪದವನ್ನೋ ಹೇಳಲು ಬಯಸಿದರೆ ಆ ದಿನ ಅವರಿಗೆ ಕೊಡಿ.

ಯಾವ ಭಾಷೆಯಲ್ಲಿ ಮಾಡಬೇಕು?

ಕೂತವರಿಗೆ ಯಾವುದು ಸುಲಭವೋ ಅದರಲ್ಲಿ. ಬೇಳ, ಕಯ್ಯಾರು ಕಡೆಯ ಕಥೋಲಿಕರು ಮನೆಯಲ್ಲಿ ಜಪಸರ ಹೇಳುವುದು ಕೊಂಕಣಿಯಲ್ಲಿ. ಹಾಗಂತ ಸ್ಟಾಫ್‌ರೂಮಿನಲ್ಲಿ ಕೊಂಕಣಿ ಮಾತ್ರ ಆದರೆ ಉಳಿದವರು ಅತಿಥಿಗಳಾಗುತ್ತಾರೆ. ಕನ್ನಡ ಶಾಲೆಯಲ್ಲಿ ಕನ್ನಡವೇ ಇರಲಿ. ಶಿಕ್ಷಕರ ಪಾಲಕ ಸಂತರಾದ ಜಾನ್ ಬ್ಯಾಪ್ಟಿಸ್ಟ್ ದ ಲಾಸಾಲ್ ಫ್ರಾನ್ಸಿನಲ್ಲಿ ಬಡ ಮಕ್ಕಳಿಗೆ ಶಾಲೆ ತೆರೆದಾಗ ಲ್ಯಾಟಿನ್ ಬದಿಗಿಟ್ಟು ಮಕ್ಕಳ ಮಾತಾದ ಫ್ರೆಂಚಿನಲ್ಲೇ ಮೊದಲು ಓದಲು ಕಲಿಸಿದರು. ಅದು ಹದಿನೇಳನೇ ಶತಮಾನ. ಗಡಿನಾಡಿನ ಕನ್ನಡ ಟೀಚರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯಾವ ವಾಕ್ಯ ಆರಿಸುವುದು? ಪ್ರತಿದಿನದ ಪೂಜೆಯ ವಾಚನವೇ ಸಾಕಾ?

ಸಾಕು, ಅದು ಸುಲಭ. ಆದರೆ ಕೆಲವು ದಿನ ಆ ವಾಚನ ವಂಶಾವಳಿ ಆಗಿರುತ್ತದೆ, ಕೆಲವು ದಿನ ಯುದ್ಧ. ಅಂಥ ದಿನ ಅದನ್ನು ಎಳೆದು ತಂದು ತರಗತಿಗೆ ಜೋಡಿಸಬೇಡಿ. ಟೀಚರಿನ ಬದುಕಿಗೆ ತಾನಾಗಿ ಹೊಂದುವ ಭಾಗಗಳು ಬೈಬಲಿನಲ್ಲಿ ಬೇಕಾದಷ್ಟಿವೆ.

ಹನ್ನೆರಡು ವರ್ಷದ ಯೇಸು ದೇವಾಲಯದಲ್ಲಿ ಬೋಧಕರ ನಡುವೆ ಕೂತದ್ದು (ಲೂಕ 2:46). ಆ ಹುಡುಗ ಮೊದಲು ಕೇಳಿಸಿಕೊಳ್ಳುತ್ತಾನೆ, ಆಮೇಲೆ ಪ್ರಶ್ನೆ ಕೇಳುತ್ತಾನೆ. ಪ್ರಶ್ನೆ ಕೇಳಿದ್ದಕ್ಕೆ ಆ ಬೋಧಕರು ಯಾರೂ ಗದರಿಸಿದ ಹಾಗೆ ಕಾಣುವುದಿಲ್ಲ. ಎಮ್ಮಾವುಸಿನ ದಾರಿ (ಲೂಕ 24:13ರಿಂದ). ಎಲ್ಲ ಗೊತ್ತಿದ್ದ ಯೇಸು, ಏನೂ ಗೊತ್ತಿಲ್ಲದವರ ಹಾಗೆ "ಏನಾಯಿತು?" ಎಂದು ಕೇಳಿ ಶಿಷ್ಯರ ಬಾಯಿಂದಲೇ ಕಥೆ ಹೊರಡಿಸುತ್ತಾರೆ. ಪಾಠ ಆಮೇಲೆ ಬರುತ್ತದೆ. ಕಾಲು ತೊಳೆದದ್ದು (ಯೊವಾನ್ನ 13). "ನನ್ನನ್ನು ಗುರು ಎನ್ನುತ್ತೀರಿ, ಅದು ಸರಿಯೇ" ಎಂದ ಯೇಸು ಆಗತಾನೇ ಸೊಂಟಕ್ಕೆ ಟವೆಲ್ ಕಟ್ಟಿ ಶಿಷ್ಯರ ಕಾಲು ತೊಳೆದು ಬಂದವರು. ಯಾಕೋಬನ ಪತ್ರ ಇನ್ನೂ ಖಾರ. ಬೋಧಕರಾಗಲು ತುಂಬಾ ಜನ ಮುನ್ನುಗ್ಗಬೇಡಿ, ನಮಗೆ ಇರುವ ತೀರ್ಪು ಹೆಚ್ಚು ಕಠಿಣ ಎನ್ನುತ್ತದೆ (3:1). ಬಿಎಡ್ ಮುಗಿಸಿ ಬಂದ ಹೊಸಬರಿಗೆ ಮೊದಲ ದಿನವೇ ಇದನ್ನು ಓದಬೇಡಿ, ಒಂದೆರಡು ತಿಂಗಳು ಹೋಗಲಿ.

ಚಿಕ್ಕದಾಗಿ ಬಾಯಿಗೆ ಬರುವಂಥದ್ದು ಬೇಕೆಂದರೆ ಕೀರ್ತನೆ 141ರ ಮೂರನೇ ಸಾಲು: ನನ್ನ ಬಾಯಿಗೆ ಕಾವಲಿಡು ಪ್ರಭುವೇ. ಒಂಬತ್ತನೇ ಕ್ಲಾಸಿಗೆ ಹೋಗುವ ವರಾಂಡದಲ್ಲಿ ಹೇಳಿಕೊಳ್ಳಲು ಇದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ.

ಒಂದು ಪೂರ್ತಿ ಮಾದರಿ ಕೊಡುತ್ತೀರಾ?

ಕೊಡುತ್ತೇನೆ. ಜೂನ್ ತಿಂಗಳ ಮೊದಲ ವಾರಕ್ಕೆ ಇದು, 1 ಸಮುವೇಲ 3ನೇ ಅಧ್ಯಾಯದಿಂದ.

"ಸಮುವೇಲ ಎಂಬ ಹುಡುಗ ದೇವಾಲಯದಲ್ಲಿ ಮಲಗಿದ್ದ. ರಾತ್ರಿ ಯಾರೋ ಹೆಸರು ಹಿಡಿದು ಕರೆದರು. ಎದ್ದು ಗುರು ಏಲಿಯ ಹತ್ತಿರ ಓಡಿದ. ನಾನು ಕರೆಯಲಿಲ್ಲ, ಹೋಗಿ ಮಲಗು ಎಂದರು ಏಲಿ. ಎರಡನೇ ಸಲವೂ ಅದೇ. ಮೂರನೇ ಸಲ ಹುಡುಗ ಬಂದಾಗ ಏಲಿಗೆ ಹೊಳೆಯಿತು: ಇವನನ್ನು ಕರೆಯುತ್ತಿರುವುದು ದೇವರು. ಏಲಿ ಮುದುಕರಾಗಿದ್ದರು, ಕಣ್ಣು ಮಂಜಾಗಿತ್ತು. ಸ್ವಂತ ಮಕ್ಕಳನ್ನು ತಿದ್ದಲು ಆಗಿರಲಿಲ್ಲ. ಆದರೂ ಆ ಹುಡುಗನಿಗೆ ಯಾವ ಕರೆಗೆ ಏನು ಉತ್ತರ ಹೇಳಬೇಕು ಎಂದು ತಿಳಿಸಿದವರು ಅವರೇ. ನಾವು ಈಗ ಹಾಜರಿ ಕರೆಯಲು ಹೋಗುತ್ತೇವೆ. ಯಾವ ಹೆಸರನ್ನು ನಾನು ಮುಖ ನೋಡದೆ ಕರೆದು ಮುಂದೆ ಹೋಗುತ್ತೇನೆ?"

ಇಷ್ಟೇ, ನಿಲ್ಲಿಸಿ. "ಆದ್ದರಿಂದ ನಾವೆಲ್ಲರೂ" ಎಂದು ಶುರುವಾಗುವ ಸಾಲು ಸೇರಿಸಲು ಕೈ ತುರಿಸುತ್ತದೆ. ಸೇರಿಸಬೇಡಿ.

ಇನ್ನೊಂದು? ಪರೀಕ್ಷೆಯ ಪೇಪರ್ ತಿದ್ದಿ ಬೇಸರವಾದಾಗ ಓದುವಂಥದ್ದು?

ಲೂಕ 5:1ರಿಂದ 6.

"ಸಿಮೋನ ಮತ್ತು ಜೊತೆಯವರು ರಾತ್ರಿಯಿಡೀ ಬಲೆ ಬೀಸಿದ್ದರು. ಒಂದು ಮೀನೂ ಇಲ್ಲ. ಯೇಸು ಬಂದಾಗ ಅವರು ದಡದಲ್ಲಿ ಬಲೆ ತೊಳೆಯುತ್ತಿದ್ದರು. ಮೀನು ಸಿಕ್ಕಿದ ದಿನ ಬಲೆ ತೊಳೆಯುವುದು ಬೇರೆ, ಬರಿಗೈಯಲ್ಲಿ ಬಂದು ತೊಳೆಯುವುದು ಬೇರೆ. ಯೇಸು ಬೇರೆ ದೋಣಿ ಹುಡುಕಲಿಲ್ಲ. ಸೋತ ಅದೇ ದೋಣಿ ಹತ್ತಿದರು. ಬಲೆ ಬೀಸಲು ಹೇಳುವ ಮೊದಲು ಅದರಲ್ಲೇ ಕೂತು ಜನರಿಗೆ ಪಾಠ ಮಾಡಿದರು. ಈ ಸಲದ ಮಾರ್ಕು ನೋಡಿ ನಾನು ಯಾವ ಮಗುವಿನ ಬಗ್ಗೆ, ಇನ್ನು ಆಗುವುದಿಲ್ಲ ಎಂದು ಮನಸ್ಸಿನಲ್ಲೇ ಬರೆದುಬಿಟ್ಟೆ?"

ಕರಾವಳಿಯ ಶಾಲೆಯವರು ಇದನ್ನು ಜೂನ್ ಜುಲೈಯಲ್ಲಿ ಓದುವುದಾದರೆ ಸ್ವಲ್ಪ ಜಾಗ್ರತೆ. ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ ನಿಷೇಧ. ಬೋಟಿಗೆ ಹೋಗುವವರ ಮನೆಯಲ್ಲಿ ಕೈ ಬಿಗಿಯಾಗಿರುವುದು ಆಗಲೇ, ಕೊಡೆ, ಬ್ಯಾಗು, ಯೂನಿಫಾರ್ಮ್ ಬೇಕಾಗುವುದೂ ಆಗಲೇ. ಪುಸ್ತಕ ತಾರದ ಮಗುವನ್ನು ಎದ್ದು ನಿಲ್ಲಿಸುವ ಮೊದಲು ಇದು ನೆನಪಿಗೆ ಬಂದರೆ ಆ ಚಿಂತನೆ ಸಾರ್ಥಕ.

ಹಬ್ಬಗಳನ್ನು ಹೇಗೆ ಸೇರಿಸುವುದು?

ಶಾಲೆಯ ವರ್ಷ ಜೂನ್‌ನಿಂದ ಮಾರ್ಚ್. ಧರ್ಮಸಭೆಯ ವರ್ಷ ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದಿಂದ ಶುರು. ಎರಡೂ ಪೂರ್ತಿ ಕೂಡಿಬರುವುದಿಲ್ಲ. ಲಾಸಾಲ್ ಅವರ ಹಬ್ಬ ಏಪ್ರಿಲ್ 7, ಅವರು 1719ರಲ್ಲಿ ತೀರಿಕೊಂಡ ದಿನ. 1950ರಲ್ಲಿ ಹನ್ನೆರಡನೇ ಪಿಯುಸ್ ಅವರನ್ನು ಶಿಕ್ಷಕರ ಪಾಲಕರೆಂದು ಘೋಷಿಸಿದರು. ನಮ್ಮಲ್ಲಿ ಆಗ ಬೇಸಿಗೆ ರಜೆ! ಶಿಕ್ಷಕರ ಸಂತರ ಹಬ್ಬಕ್ಕೆ ಶಿಕ್ಷಕರೇ ಇರುವುದಿಲ್ಲ. ಜೂನ್‌ನಲ್ಲಿ ಒಂದು ದಿನ ಅವರನ್ನು ನೆನೆಯಿರಿ, ಬೇಸರ ಮಾಡಿಕೊಳ್ಳಲಿಕ್ಕಿಲ್ಲ.

ಕೂಡಿಬರುವ ಕಡೆ ಚೆನ್ನಾಗಿಯೇ ಬರುತ್ತದೆ. ಸೆಪ್ಟೆಂಬರ್ 5 ಶಿಕ್ಷಕರ ದಿನ. ಅದೇ ದಿನ ಮದರ್ ತೆರೇಸಾ ಅವರ ಹಬ್ಬ, 1997ರಲ್ಲಿ ಅವರು ತೀರಿಕೊಂಡದ್ದು ಆ ದಿನವೇ. ಬೀದಿಗೆ ಇಳಿಯುವ ಮೊದಲು ಅವರು ಕಲ್ಕತ್ತಾದ ಒಂದು ಹುಡುಗಿಯರ ಶಾಲೆಯಲ್ಲಿ ವರ್ಷಗಟ್ಟಲೆ ಭೂಗೋಳ ಕಲಿಸಿದ ಟೀಚರ್. ಮೂರು ದಿನ ಕಳೆದರೆ ಸೆಪ್ಟೆಂಬರ್ 8, ಮರಿಯಮ್ಮನವರ ಜನನದ ಹಬ್ಬ, ನಮ್ಮ ಮೊಂತಿ ಹಬ್ಬ. ಒಂಬತ್ತು ದಿನ ಹೂ ಹಾಕಿದ ಮಕ್ಕಳು ಹೊಸ ತೆನೆ ಹಿಡಿದು ಮನೆಗೆ ಹೋಗುತ್ತಾರೆ. ತೆನೆಯನ್ನು ಯಾರು ಬಿತ್ತಿದ್ದು, ಯಾರು ಕೊಯ್ದದ್ದು ಎಂದು ಕೇಳಿದರೆ ಟೀಚರಿನ ಕೆಲಸದ ಬಗ್ಗೆ ಒಂದು ಚಿಂತನೆ ಅಲ್ಲೇ ಇದೆ (ಯೊವಾನ್ನ 4:37). ಅಕ್ಟೋಬರ್ 2 ಕಾವಲು ದೂತರ ಹಬ್ಬ, ಗಾಂಧಿ ಜಯಂತಿಯೂ ಹೌದು. ಜನವರಿ 31 ಹುಡುಗರಿಗಾಗಿ ದುಡಿದ ಸಂತ ಡಾನ್ ಬಾಸ್ಕೊ ಅವರ ಹಬ್ಬ. ಈಸ್ಟರಿಗೆ ಮುಂಚಿನ ತಪಸ್ಸು ಕಾಲ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಸುತ್ತಮುತ್ತ ಬರುತ್ತದೆ. ಆಗ ಬೇರೆ ಉಪವಾಸ ಹೇಳಬೇಡಿ, ಮಕ್ಕಳಿಗೆ ಹೆದರಿಸುವ ಮಾತನ್ನು ಬಿಡುವ ಉಪವಾಸ ಹೇಳಿ.

ಜಿಲ್ಲೆಯ ಮಲೆ ಕಡೆಯಿಂದ ಬರುವ ಸಿರೋ ಮಲಬಾರ್ (ಕೇರಳದ ಪೂರ್ವ ಪರಂಪರೆಯ ಕಥೋಲಿಕ) ಟೀಚರುಗಳು ನಿಮ್ಮಲ್ಲಿ ಇದ್ದರೆ ಅವರ ಕ್ಯಾಲೆಂಡರ್ ಬೇರೆ. ಅವರ ತಪಸ್ಸು ಕಾಲ ಬೂದಿ ಬುಧವಾರಕ್ಕೆ ಅಲ್ಲ, ಅದಕ್ಕೂ ಮೊದಲಿನ ಸೋಮವಾರವೇ ಶುರು. ಜುಲೈ 3ರ ಸಂತ ತೋಮರ ಹಬ್ಬ ಅವರಿಗೆ ದೊಡ್ಡದು. ಆ ದಿನದ ಸರದಿ ಅವರಿಗೇ ಇರಲಿ.

ಸ್ಥಳೀಯ ಕವಿಗಳನ್ನು ತರಬಹುದಾ?

ಧಾರಾಳವಾಗಿ. ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಕೊನೆಯ ದಿನವನ್ನು 'ಗೊಲ್ಗೊಥಾ' ಎಂಬ ಖಂಡಕಾವ್ಯವಾಗಿ ಬರೆದವರು. ಅವರು ಗೌಡ ಸಾರಸ್ವತ ಮನೆತನದವರು. ಶಿಲುಬೆಯನ್ನು ಕನ್ನಡ ಕಾವ್ಯಕ್ಕೆ ತಂದವರು ನಮ್ಮ ಊರಿನ ಒಬ್ಬ ಹಿಂದೂ ಕವಿ ಎಂಬುದನ್ನು ಶುಭ ಶುಕ್ರವಾರದ ಮುಂಚಿನ ವಾರ ಸ್ಟಾಫ್‌ರೂಮಿನಲ್ಲಿ ಹೇಳಿದರೆ ಬೇರೆ ವಿವರಣೆ ಬೇಕಾಗುವುದಿಲ್ಲ. ಪೆರಡಾಲದಲ್ಲಿ ಮಾಸ್ಟ್ರಾಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬಾಳಿದವರು (1915ರಿಂದ 2015). ಅವರು ಕವಿ, ಹೋರಾಟಗಾರ, ಕೃಷಿಕ ಎಲ್ಲ ಹೌದು. ತರಗತಿಗೆ ದಿನಾ ಹೋದ ಮಾಸ್ಟ್ರೂ ಹೌದು.

ತುಂಬಾ ದಣಿದಿದ್ದೇವೆ. ಇದೂ ಒಂದು ಹೊರೆ ಅನ್ನಿಸುತ್ತದೆ.

ಹಾಗನ್ನಿಸಿದರೆ ಒಂದು ವಾರ ನಿಲ್ಲಿಸಿ. ಇದು ಇನ್ನೊಂದು ರಿಜಿಸ್ಟರ್ ಆಗಬಾರದು. ಎಲೀಯ ಪ್ರವಾದಿ ದಣಿದು, ಸಾಕಪ್ಪಾ ಸಾಕು ಎಂದು ಮರದಡಿ ಮಲಗಿದಾಗ ದೇವದೂತ ಬಂದು ಉಪದೇಶ ಮಾಡಲಿಲ್ಲ (1 ಅರಸುಗಳು 19). ರೊಟ್ಟಿ, ನೀರು ಕೊಟ್ಟು ಎಬ್ಬಿಸಿದ. ಎಲೀಯ ತಿಂದು ಮತ್ತೆ ಮಲಗಿದರು. ಇನ್ನೊಮ್ಮೆ ತಿನ್ನಿಸಿದ. ಬೆಟ್ಟದ ಮೇಲಿನ ಮೆಲುದನಿ ಅದೆಲ್ಲ ಆದ ಮೇಲೆ. ತಲಪಾಡಿ ದಾಟಿ ಬಸ್ಸಿನಲ್ಲಿ ನೇತಾಡಿಕೊಂಡು ಬರುವ ಟೀಚರಿಗೆ ಕೆಲವು ದಿನ ಒಂದು ಲೋಟ ಚಹಾ ಕೊಡುವುದೇ ಸರಿಯಾದ ಚಿಂತನೆ.

ಸಂಬಳ ಸರಿಯಾಗಿ ಸಿಗದ ಟೀಚರ್ ಇದ್ದಾರೆ. ಅವರ ಮುಂದೆ ಏನು ಹೇಳುವುದು?

ದಿನಗೂಲಿಯ ಮೇಲೆ ಬರುವವರು ಇದ್ದಾರೆ. ನೇಮಕಾತಿಗೆ ಮಂಜೂರಾತಿ ಸಿಗದೆ ಕಾಯುವವರು ಇದ್ದಾರೆ. ಅವರ ಮುಂದೆ "ಸೇವೆಯೇ ನಮಗೆ ಪ್ರತಿಫಲ" ಎಂಬ ಮಾತು ಆಡಲೇಬೇಡಿ. ಸಂಬಳ ಬರುವವರ ಬಾಯಲ್ಲಿ ಅದು ಚೆನ್ನಾಗಿ ಕೇಳಿಸುವುದಿಲ್ಲ. ಬೈಬಲ್ ಈ ವಿಷಯದಲ್ಲಿ ನಮಗಿಂತ ನೇರ. ಕೆಲಸ ಮಾಡಿದವನಿಗೆ ಕೂಲಿ ಸಿಗಬೇಕಾದದ್ದು ನ್ಯಾಯ (ಲೂಕ 10:7). ಕೊಡದೆ ಹಿಡಿದಿಟ್ಟ ಕೂಲಿ ದೇವರ ಮುಂದೆ ಕೂಗುತ್ತದೆ (ಯಾಕೋಬ 5:4). ಮೆನೇಜರ್ ಕೂತಿರುವ ದಿನವೂ ಈ ವಾಕ್ಯಗಳನ್ನು ಓದಬಹುದು. ಯಾರ ಕಡೆಯೂ ನೋಡದೆ ಓದಿ, ಅಷ್ಟೇ.

ಸಿಟ್ಟಿನಲ್ಲಿ ಒಂದು ಮಗುವನ್ನು ಬೈದುಬಿಟ್ಟರೆ? ಮರುದಿನ ಚಿಂತನೆ ಕೇಳಲು ಮನಸ್ಸೇ ಬರುವುದಿಲ್ಲ.

ಮರುದಿನದವರೆಗೆ ಕಾಯಬೇಡಿ. ಸಂತ ಇಗ್ನಾಸಿಯವರು ಕಲಿಸಿದ ಆತ್ಮಪರೀಕ್ಷೆ ಇಲ್ಲಿ ನೆರವಾಗುತ್ತದೆ. ಸಂಜೆ ಬಸ್ಸಿನಲ್ಲಿ ಕೂತು ಮಾಡಬಹುದು. ಮೊದಲು ಆ ದಿನ ಒಳ್ಳೆಯದಾದದ್ದಕ್ಕೆ ದೇವರಿಗೆ ವಂದನೆ. ಇದನ್ನು ಬಿಟ್ಟು ನೇರ ತಪ್ಪಿಗೆ ಹೋದರೆ ಮನಸ್ಸು ಇನ್ನೂ ಕಹಿ ಆಗುತ್ತದೆ. ಆಮೇಲೆ ಪೀರಿಯಡ್ ಪೀರಿಯಡ್ ಆಗಿ ದಿನವನ್ನು ನೋಡುವುದು. ಎಲ್ಲಿ ತಡವರಿಸಿದೆ, ಯಾಕೆ? ಆ ಮಗು ನಿಜವಾಗಿ ಏನು ಮಾಡಿತ್ತು, ನನ್ನ ಸಿಟ್ಟು ಎಲ್ಲಿಂದ ಬಂದಿತ್ತು? ಕ್ಷಮೆ ಕೇಳುವುದು, ನಾಳೆಗೆ ಒಂದು ಸಣ್ಣ ನಿರ್ಧಾರ ಮಾಡುವುದು.

ದೇವರ ಹತ್ತಿರ ಕ್ಷಮೆ ಕೇಳಿ ಮಗುವಿನ ಹತ್ತಿರ ಕೇಳದೆ ಇರುವುದು ಅರ್ಧ ಕೆಲಸ. "ನಿನ್ನೆ ಹಾಗೆ ಹೇಳಬಾರದಿತ್ತು ಮಗಾ" ಅಂದರೆ ಟೀಚರಿನ ಮರ್ಯಾದೆ ಕಡಿಮೆ ಆಗುತ್ತದೆ ಎಂಬುದು ನಮ್ಮ ಹಳೆಯ ಭಯ. ಮಕ್ಕಳು ಅದನ್ನು ಹಾಗೆ ತೆಗೆದುಕೊಳ್ಳುವುದಿಲ್ಲ. ಎಲ್ಲರೆದುರು ಬೈದಿದ್ದರೆ ಕ್ಷಮೆಯೂ ಎಲ್ಲರೆದುರೇ ಇರಲಿ.

ನಮ್ಮ ಊರಿನ ನೋವನ್ನು ಚಿಂತನೆಗೆ ತರಬಹುದಾ? ಎಂಡೋಸಲ್ಫಾನ್ ಪೀಡಿತ ಮನೆಗಳ ಮಕ್ಕಳು ನಮ್ಮಲ್ಲಿ ಓದುತ್ತಾರೆ.

ತರಬೇಕು. ಆದರೆ ಮೆಲ್ಲಗೆ. ಎಣ್ಮಕಜೆಯ ಪಡ್ರೆಯಂಥ ಹಳ್ಳಿಗಳ ಗೇರು ತೋಟಗಳ ಮೇಲೆ 2000ದವರೆಗೂ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಈ ಕೀಟನಾಶಕ ವಿಷ ಸುರಿದರು. ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ಅದನ್ನು ತಡೆದದ್ದು 2011ರಲ್ಲಿ. ಅಣ್ಣನೋ ಅಕ್ಕನೋ ಹಾಸಿಗೆಯಲ್ಲೇ ಇರುವ ಮನೆಯಿಂದ ಹೊರಟು ಬಂದು ಮಗು ನಿಮ್ಮ ಎರಡನೇ ಬೆಂಚಿನಲ್ಲಿ ಕೂತಿರಬಹುದು. ಹುಟ್ಟಿದ ಮಕ್ಕಳ ಸ್ಥಿತಿ ನೋಡಿ, ಇದು ಶಾಪ, ಯಾವುದೋ ಪಾಪದ ಫಲ ಎಂದುಕೊಂಡವರು ನಮ್ಮಲ್ಲಿ ಇದ್ದರು.

ಯೊವಾನ್ನ 9ನೇ ಅಧ್ಯಾಯ ತೆರೆಯಿರಿ. ಹುಟ್ಟುಕುರುಡನನ್ನು ನೋಡಿ ಶಿಷ್ಯರು ಕೇಳಿದ್ದು ಅದೇ ಪ್ರಶ್ನೆ: ಪಾಪ ಮಾಡಿದ್ದು ಇವನೋ, ಇವನ ತಂದೆತಾಯಿಯೋ? ಇವನೂ ಅಲ್ಲ, ಇವನ ತಂದೆತಾಯಿಯೂ ಅಲ್ಲ ಎಂದರು ಯೇಸು. ಆ ಉತ್ತರವನ್ನು ಜೋರಾಗಿ, ಸ್ಪಷ್ಟವಾಗಿ ಓದಿ. ಅದರ ಮುಂದಿನ ಮಾತು, ದೇವರ ಕಾರ್ಯ ಇವನಲ್ಲಿ ಕಾಣಲಿ ಎಂಬುದು. ಅದನ್ನು ಆತುರದಿಂದ ವಿವರಿಸಲು ಹೋಗಬೇಡಿ. ನೊಂದವರ ಮನೆಯಲ್ಲಿ ಆ ವಿವರಣೆ ಗಾಯಕ್ಕೆ ಖಾರ ಹಾಕಿದ ಹಾಗೆ. ಯೇಸು ಕೂಡ ಭಾಷಣ ಮುಂದುವರಿಸಲಿಲ್ಲ. ನೆಲಕ್ಕೆ ಬಗ್ಗಿ ಮಣ್ಣು ಕಲಸಿ ಆ ಮನುಷ್ಯನ ಕಣ್ಣು ಮುಟ್ಟಿದರು. ಆಮೇಲಿನ ಪ್ರಶ್ನೆ ಟೀಚರುಗಳಿಗೆ: ಈ ವಾರ ಆ ಮನೆಗೆ ಯಾರು ಹೋಗಿ ಬರುತ್ತೀರಿ?

ಮಗುವಿನ ಹೆಸರು ಮಾತ್ರ ಚಿಂತನೆಯಲ್ಲಿ ಬರಬಾರದು. ಸ್ಟಾಫ್‌ರೂಮಿನ ಗೋಡೆಗೂ ಕಿವಿ ಇರುತ್ತದೆ.

ಇದನ್ನೇ ಮಕ್ಕಳಿಗೂ ಓದಬಹುದಾ?

ಬೇಡ. ಮೇಲಿನ ಪ್ರಶ್ನೆಗಳೆಲ್ಲ ದೊಡ್ಡವರ ಪ್ರಶ್ನೆಗಳು. ಮಕ್ಕಳಿಗೆ ಬೇಕೆಂದರೆ ಡಾನ್ ಬಾಸ್ಕೊ ಅವರ ದಾರಿ ನೋಡಿ. ಟ್ಯೂರಿನ್‌ನಲ್ಲಿ ತಮ್ಮ ಜೊತೆ ಇದ್ದ ಹುಡುಗರಿಗೆ ರಾತ್ರಿ ಮಲಗುವ ಮೊದಲು ಅವರು ಕೆಲವೇ ನಿಮಿಷ ಮಾತಾಡುತ್ತಿದ್ದರು. ಅದನ್ನು ಶುರು ಮಾಡಿದ್ದು ಅವರ ತಾಯಿ ಮಾರ್ಗರೀತಾ ಎಂದು ಅವರ ಸಭೆಯ ಸಲೇಷಿಯನರು ನೆನೆಯುತ್ತಾರೆ. ಆ ದಿನ ನಡೆದ ಒಂದು ವಿಷಯ, ಅದರ ಬಗ್ಗೆ ಒಂದು ಒಳ್ಳೆಯ ಮಾತು, ಶುಭರಾತ್ರಿ. ಸಂಜೆ ಕೊನೆಯ ಬೆಲ್‌ಗೆ ಮೊದಲು ಕ್ಲಾಸ್ ಟೀಚರ್ ಹೀಗೆ ಮಾಡಬಹುದು. ಅದಕ್ಕೆ ಬೈಬಲ್ ವಾಕ್ಯ ಬೇಕೇ ಬೇಕೆಂದಿಲ್ಲ.

ವಾಟ್ಸಾಪಿನಲ್ಲಿ ದಿನಾ ಒಂದು ಬರುತ್ತದೆ. ಅದನ್ನು ಓದಿದರೆ ಸಾಲದಾ?

ಓದುವವರಿಗೆ ಸುಲಭ, ಕೇಳುವವರಿಗೆ ಕಷ್ಟ. ಅದನ್ನು ಬರೆದವರಿಗೆ ನಿಮ್ಮ ಏಳನೇ ಕ್ಲಾಸು ಗೊತ್ತಿಲ್ಲ. ಬೇಕಾದರೆ ಅದರಿಂದ ವಾಕ್ಯ ತೆಗೆದುಕೊಳ್ಳಿ, ಪ್ರಶ್ನೆ ನಿಮ್ಮದಿರಲಿ.

ಹೆಡ್‌ಮಾಸ್ಟ್ರು ಚಿಂತನೆಯ ಕೊನೆಗೆ ಸೂಚನೆಗಳನ್ನು ಹೇಳಲು ಶುರು ಮಾಡುತ್ತಾರೆ. ಏನು ಮಾಡುವುದು?

ಎಲ್ಲ ಕಡೆಯೂ ಇರುವ ಕಥೆ ಇದು! ಮೌನ ಮುಗಿಯುವುದೇ ತಡ, "ಇವತ್ತು ಪಿಟಿಎ ಮೀಟಿಂಗ್" ಎಂದು ಶುರು. ಎಲ್ಲರೂ ಒಟ್ಟಿಗೆ ಸಿಗುವುದು ಆಗ ಮಾತ್ರ, ಅವರ ಕಷ್ಟವೂ ನಿಜ. ಸೂಚನೆ ಮೊದಲು, ಚಿಂತನೆ ಆಮೇಲೆ ಎಂದು ಹೇಳಿ ನೋಡಿ. ಮೌನದಿಂದ ಎದ್ದು ನೇರ ತರಗತಿಗೆ ಹೋಗಬೇಕು. ಅದಕ್ಕಿಂತಲೂ ಮುಖ್ಯ, ಚಿಂತನೆಯಲ್ಲಿ ಯಾರನ್ನಾದರೂ ಚುಚ್ಚುವುದು ಬೇಡ. ತಡವಾಗಿ ಬರುವವರಿಗೆ ಕೇಳಲಿ ಎಂದು ತಡವಾಗಿ ಬಂದವರಿಗೆ ಬಾಗಿಲು ಮುಚ್ಚಿದ ಹತ್ತು ಕನ್ಯೆಯರ ಸಾಮತಿ ಓದುವುದು ಬೈಬಲಿಗೂ ಅನ್ಯಾಯ.

ನನ್ನ ನಂಬಿಕೆಯೇ ಅಷ್ಟಕ್ಕಷ್ಟೆ. ನಾನು ನಡೆಸಬಹುದಾ?

ನಡೆಸಿ. ಕಾಯಿಲೆ ಬಿದ್ದ ಮಗನನ್ನು ಕರೆತಂದ ಒಬ್ಬ ತಂದೆ, ನಂಬುತ್ತೇನೆ, ನನ್ನ ಅಪನಂಬಿಕೆಯಲ್ಲಿ ನೆರವಾಗಿ ಎಂದು ಯೇಸುವಿನ ಮುಂದೆ ಕೂಗಿದ (ಮಾರ್ಕ 9:24). ಮಗ ಗುಣವಾದ. ನಿಮಗೆ ಅನ್ನಿಸದ್ದನ್ನು ಅನ್ನಿಸಿದ ಹಾಗೆ ಹೇಳಬೇಡಿ, ಅಷ್ಟು ಸಾಕು.

ಸ್ಟಾಫ್‌ರೂಮಿನಲ್ಲಿ ಯಾರೂ ಮನಸ್ಸು ಮಾಡುವುದಿಲ್ಲ. ಒಬ್ಬರೇ ಮಾಡುವುದು ಹೇಗೆ?

ಲಾಸಾಲ್ ಅವರ ಶಾಲೆಗಳಲ್ಲಿ ಪಾಠದ ನಡುವೆ ಆಗಾಗ ನಿಲ್ಲಿಸಿ, ನಾವು ದೇವರ ಸನ್ನಿಧಿಯಲ್ಲಿ ಇದ್ದೇವೆ ಎಂದು ನೆನೆಯುತ್ತಿದ್ದರು. ನೀವು ಅದನ್ನು ಬೆಲ್‌ಗೆ ಕಟ್ಟಿಕೊಳ್ಳಿ. ಒಂದು ಕ್ಲಾಸಿನಿಂದ ಇನ್ನೊಂದಕ್ಕೆ ನಡೆಯುವಾಗ ಆ ಒಂದು ಸಾಲು ಸಾಕು. ಅವರು ಶಿಕ್ಷಕರಿಗೆ ಬರೆದ ಧ್ಯಾನಗಳಲ್ಲಿ ಹಳೆಯ ಒಡಂಬಡಿಕೆಯ ಯಕೋಬ ಕನಸಿನಲ್ಲಿ ಕಂಡ ಏಣಿಯ ಮಾತು ಬರುತ್ತದೆ. ದೂತರು ಅದರಲ್ಲಿ ಹತ್ತಿ ಇಳಿಯುತ್ತಿದ್ದರು. ಟೀಚರಿನ ಕೆಲಸವೂ ಅದೇ ಅನ್ನುತ್ತಾರೆ: ಮಕ್ಕಳ ಕಷ್ಟವನ್ನು ಮೇಲೆ ದೇವರ ಹತ್ತಿರ ಒಯ್ಯುವುದು, ಅಲ್ಲಿಂದ ಸಿಕ್ಕಿದ್ದನ್ನು ಕೆಳಗೆ ಮಕ್ಕಳಿಗೆ ತರುವುದು. ಹಾಜರಿ ಪುಸ್ತಕ ತೆರೆದು ದಿನಕ್ಕೆ ಒಂದು ಹೆಸರಿಗಾಗಿ ಮರಿಯಮ್ಮನವರಿಗೆ ಹೇಳುವ ಒಂದು ನಮೋ ಮರಿಯಾ ಪ್ರಾರ್ಥನೆ ಹೇಳಿದರೂ ಆಯಿತು. ಯಾರಿಗೂ ಗೊತ್ತಾಗಬೇಕಾಗಿಲ್ಲ.

ಸೋಮವಾರದಿಂದಲೇ ಶುರು ಮಾಡಬೇಕು. ಮೊದಲ ವಾರಕ್ಕೆ ಏನು ಓದಲಿ?

ಸೋಮವಾರ ಸಮುವೇಲನ ಕಥೆ, ಮೇಲೆ ಕೊಟ್ಟ ಹಾಗೆಯೇ. ಮಂಗಳವಾರ ಮಾರ್ಕ 10:13ರಿಂದ 16, ಮಕ್ಕಳನ್ನು ತಡೆದ ಶಿಷ್ಯರ ಮೇಲೆ ಯೇಸು ಸಿಟ್ಟಾದದ್ದು. ಪ್ರಶ್ನೆ: ನನ್ನ ಹತ್ತಿರ ಬರಲು ಹೆದರುವ ಮಗು ಯಾವುದು? ಬುಧವಾರ ಮಾತಾಡಬೇಡಿ, ಕೀರ್ತನೆ 141:3 ಎರಡು ಸಲ ಓದಿ ಮೌನ. ಗುರುವಾರ ಮತ್ತಾಯ 20, ಸಂಜೆ ಐದಕ್ಕೆ ಬಂದ ಕೂಲಿಯವರು. ಇಡೀ ದಿನ ಅವರನ್ನು ಯಾರೂ ಕೆಲಸಕ್ಕೆ ಕರೆದಿರಲಿಲ್ಲ. ನನ್ನ ತರಗತಿಯಲ್ಲಿ ಯಾರೂ ಕರೆಯದ ಮಗು ಯಾರು? ಶುಕ್ರವಾರ ಮಾರ್ಕ 6:30ರಿಂದ 34. ಶಿಷ್ಯರು ಕಲಿಸಿ ದಣಿದು ಬರುತ್ತಾರೆ, ಊಟಕ್ಕೂ ಪುರುಸೊತ್ತಿಲ್ಲ, ಬನ್ನಿ ಸ್ವಲ್ಪ ವಿಶ್ರಮಿಸಿ ಎನ್ನುತ್ತಾರೆ ಯೇಸು. ಅಷ್ಟರಲ್ಲಿ ಜನ ಅಲ್ಲಿಗೂ ಬಂದು ಸೇರುತ್ತಾರೆ. ಶುಕ್ರವಾರದ ಟೀಚರಿಗೆ ಇದಕ್ಕೆ ವಿವರಣೆ ಬೇಕಾಗಲಿಕ್ಕಿಲ್ಲ. ಮಳೆ ಜೋರಾಗಿ ಕಲೆಕ್ಟರ್ ರಜೆ ಕೊಟ್ಟರೆ ಆ ದಿನದ್ದನ್ನು ಮರುದಿನಕ್ಕೆ ತಳ್ಳಿ.